ಅಂಬಲಿ, ಮಜ್ಜಿಗೆ ಮತ್ತು ಒಂದು ಚಿಟಿಕೆ ಉಪ್ಪು

ಏಪ್ರಿಲ್ ಬಂತೆಂದರೆ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ಜತೆಗೆ ವಿಜಯಪುರ, ಬಾಗಲಕೋಟೆಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ತೆರೆದ ಕಚೇರಿ ಮಧ್ಯಾಹ್ನ 1.30ಕ್ಕೆ ಮುಚ್ಚುತ್ತದೆ. ಮೇ ಮುಗಿಯುವವರೆಗೂ ಹೀಗೇ. ಬಿಸಿಲು 42, 43 ಡಿಗ್ರಿ ಮುಟ್ಟುವ ಸೀಮೆಯಲ್ಲಿ ಇದು ಸರಿಯಾದ ಏರ್ಪಾಡು. ಆದರೆ ಅದೇ ಊರಿನ ಎಪಿಎಂಸಿ ಅಂಗಳದಲ್ಲಿ ಮೂಟೆ ಹೊರುವ ಹಮಾಲರಿಗೆ, ಗಾರೆ ಕೆಲಸದವರಿಗೆ, ತಳ್ಳುಗಾಡಿಯಲ್ಲಿ ಬಾಳೆಹಣ್ಣು ಮಾರುವವರಿಗೆ ವೇಳೆ ಬದಲಾಗುವುದಿಲ್ಲ. ಬೆಂಗಳೂರಿನ ಸಿಗ್ನಲ್‌ಗಳಲ್ಲಿ ಹೆಲ್ಮೆಟ್ ಒಳಗೇ ಬೇಯುತ್ತ ನಿಲ್ಲುವ ಡೆಲಿವರಿ ಹುಡುಗರಿಗೂ ಅಷ್ಟೇ. ತಂಪು ಊರೆಂದು ಹೆಸರಾದ ಬೆಂಗಳೂರಿನಲ್ಲೂ 2024ರ ಏಪ್ರಿಲ್ 28ರಂದು 38.5 ಡಿಗ್ರಿ ದಾಖಲಾಗಿತ್ತು.

ಬೇಸಿಗೆಯಲ್ಲಿ ಏನು ತಿನ್ನಬೇಕು, ಏನು ಕುಡಿಯಬೇಕು ಎಂದು ಪ್ರತಿವರ್ಷ ಪತ್ರಿಕೆಗಳೂ ಟಿವಿಗಳೂ ಹೇಳುತ್ತವೆ. ಅವುಗಳಲ್ಲಿ ಬಹುಪಾಲು ಸಲಹೆ ಫ್ರಿಡ್ಜ್, ಮಿಕ್ಸಿ ಇದ್ದು ನೆರಳಲ್ಲಿ ಕುಳಿತವರಿಗಾಗಿ ಬರೆದದ್ದು. ಬಿಸಿಲಲ್ಲಿ ದುಡಿಯುವವರಿಗೆ ಏನು ಬೇಕು ಎಂದು ಕೇಳಿಕೊಂಡರೆ ಉತ್ತರ ನಮ್ಮ ಹಳೆಯ ಅಡುಗೆಮನೆಗಳಲ್ಲೇ ಇದೆ. ಅಂಬಲಿ, ನೀರುಮಜ್ಜಿಗೆ, ಪಾನಕ, ಮುರುಗಲು ನೀರು, ಗಂಜಿ, ತಂಬುಳಿ: ಇವೆಲ್ಲ ದುಡಿಯುವ ಮೈಗೆಂದೇ ಹುಟ್ಟಿದವು. ಅವು ಏಕೆ ಕೆಲಸ ಮಾಡುತ್ತವೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ತಣ್ಣನೆಯ ನೀರಿನ ವಿಷಯ. ಬಿಸಿಲಿಂದ ಬಂದವರು ಫ್ರಿಡ್ಜಿನ ಬಾಟಲಿ ಎತ್ತಿ ಗಟಗಟ ಕುಡಿದಾಗ ಜೀವ ಬಂದಂತಾಗುವುದು ನಿಜ. ಲೆಕ್ಕ ಹಾಕಿ ನೋಡಿ. 5 ಡಿಗ್ರಿಯ ಒಂದು ಲೀಟರ್ ನೀರು ಹೊಟ್ಟೆಯೊಳಗೆ ಹೋಗಿ ಮೈಯ ಶಾಖಕ್ಕೆ, ಅಂದರೆ 37 ಡಿಗ್ರಿಗೆ ಬರಲು ನಮ್ಮಿಂದ ಹೀರಿಕೊಳ್ಳುವುದು ಸುಮಾರು 32 ಕಿಲೊಕ್ಯಾಲರಿ ಶಾಖ. ಅದೇ ಒಂದು ಲೀಟರ್ ನೀರು ಬೆವರಾಗಿ ಹೊರಬಂದು ಚರ್ಮದ ಮೇಲೆ ಪೂರ್ತಿ ಆರಿದರೆ ಹೊತ್ತೊಯ್ಯುವ ಶಾಖ ಸುಮಾರು 580 ಕಿಲೊಕ್ಯಾಲರಿ. ಹದಿನೆಂಟು ಪಟ್ಟು ಹೆಚ್ಚು! ನೀರು ಎಷ್ಟು ತಣ್ಣಗಿತ್ತು ಎಂಬುದಕ್ಕಿಂತ ಎಷ್ಟು ಕುಡಿದಿರಿ, ಅದರಲ್ಲಿ ಎಷ್ಟು ಬೆವರಾಗಿ ಆರಿತು ಎಂಬುದೇ ಮುಖ್ಯ. ಮಡಕೆಯ ತಂಪು ಸಾಲದೇ ಎಂದು ಹಿರಿಯರು ಕೇಳುತ್ತಿದ್ದುದಕ್ಕೆ ವಿಜ್ಞಾನದ ಬೆಂಬಲ ಇಷ್ಟಿದೆ. ಹದವಾಗಿ ತಂಪಿದ್ದರೆ ಜನ ಹೆಚ್ಚು ಕುಡಿಯುತ್ತಾರೆ, ಅಷ್ಟು ಲಾಭವನ್ನು ಒಪ್ಪಬೇಕು. ಹಲ್ಲು ಜುಮ್ಮೆನ್ನುವ ಐಸ್ ಮಾತ್ರ ಬೇಕಿಲ್ಲ.

ನಮ್ಮ ಮೈ ಮಣ್ಣಿನ ಮಡಕೆಯ ಹಾಗೆ. ಮಡಕೆಯ ಸಣ್ಣ ಸಣ್ಣ ರಂಧ್ರಗಳಿಂದ ನೀರು ಜಿನುಗಿ, ಗಾಳಿಗೆ ಆರುತ್ತ ಒಳಗಿನ ನೀರನ್ನು ತಂಪಾಗಿಸುತ್ತದೆ. ಗಾಳಿ ಒಣಗಿದ್ದಷ್ಟೂ ಮಡಕೆ ಚೆನ್ನಾಗಿ ತಣಿಸುತ್ತದೆ. ಆದ್ದರಿಂದಲೇ ರಾಯಚೂರಿನ ಮಡಕೆಯ ನೀರು ಇರುವಷ್ಟು ತಂಪು ಮಂಗಳೂರಿನ ಮಡಕೆಯ ನೀರು ಇರುವುದಿಲ್ಲ. ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ ತುಂಬಿದೆ. ಬೆವರಿಗೂ ಇದೇ ನಿಯಮ. ರಾಯಚೂರಿನ 42 ಡಿಗ್ರಿಯಲ್ಲಿ ಬೆವರು ಬಂದದ್ದೇ ತಿಳಿಯದಂತೆ ಆರಿಹೋಗುತ್ತದೆ. ಮೈ ತಣಿಯುತ್ತದೆ, ಆದರೆ ನೀರು ಎಷ್ಟು ಹೋಯಿತು ಎಂಬುದು ಗೊತ್ತಾಗುವುದಿಲ್ಲ. ಸಂಜೆ ಅಂಗಿಯ ಬೆನ್ನಿನ ಮೇಲೆ ಬಿಳಿ ಗೆರೆ ಕಂಡಾಗಷ್ಟೇ ಉಪ್ಪು ಹೋದದ್ದು ಕಾಣುತ್ತದೆ. ಮಂಗಳೂರಿನ 34 ಡಿಗ್ರಿಯಲ್ಲಿ ಬೆವರು ಧಾರೆಯಾಗಿ ಇಳಿಯುತ್ತದೆ, ಆರುವುದಿಲ್ಲ. ನೀರೂ ಹೋಯಿತು, ಉಪ್ಪೂ ಹೋಯಿತು, ಮೈ ಮಾತ್ರ ತಣಿಯಲಿಲ್ಲ. ಎರಡು ಸೀಮೆಯ ಸೆಕೆಯ ಗುಣ ಬೇರೆ, ನಷ್ಟ ಒಂದೇ.

ಆ ನಷ್ಟ ಎಷ್ಟು? ಬಿಸಿಲಲ್ಲಿ ಮೈಮುರಿದು ಕೆಲಸ ಮಾಡುವವರು ಗಂಟೆಗೆ ಒಂದು ಲೀಟರಿನಷ್ಟು ಬೆವರು ಸುರಿಸುವುದುಂಟು. ಒಂದು ಲೀಟರ್ ಬೆವರಿನಲ್ಲಿ ಸುಮಾರು ಒಂದು ಗ್ರಾಂ ಸೋಡಿಯಂ ಇರುತ್ತದೆ. ವ್ಯಕ್ತಿಯಿಂದ ವ್ಯಕ್ತಿಗೆ ಇದು ಬಹಳ ಹೆಚ್ಚುಕಡಿಮೆಯಾಗುತ್ತದೆ. ಬಿಸಿಲಿಗೆ ಒಗ್ಗಿದ ಮೈ ಉಪ್ಪನ್ನು ಸ್ವಲ್ಪ ಹಿಡಿದಿಟ್ಟುಕೊಳ್ಳುವುದನ್ನೂ ಕಲಿತಿರುತ್ತದೆ. ಒಂದು ಗ್ರಾಂ ಸೋಡಿಯಂ ಎಂದರೆ ಎರಡೂವರೆ ಗ್ರಾಂ ಅಡುಗೆ ಉಪ್ಪು, ಅರ್ಧ ಟೀ ಚಮಚದ ಆಸುಪಾಸು. ಇಷ್ಟು ಕಳೆದುಕೊಂಡವರು ಬರೀ ನೀರನ್ನೇ ಚೊಂಬು ಚೊಂಬು ಕುಡಿದರೆ ರಕ್ತದಲ್ಲಿ ಉಳಿದ ಉಪ್ಪು ಇನ್ನಷ್ಟು ತೆಳುವಾಗುತ್ತದೆ. ಮೀನಖಂಡ ಹಿಡಿದುಕೊಳ್ಳುವುದು, ತಲೆ ಸುತ್ತುವುದು, ವಾಕರಿಕೆ, ಕೆಲಸ ಸಾಕೆನಿಸುವ ನಿಶ್ಶಕ್ತಿ ಇವೆಲ್ಲ ಆಗ ಬರುತ್ತವೆ. ಹೊಲದಲ್ಲಿ ಕೆಲಸ ಮಾಡುವವರ ಬುತ್ತಿಯಲ್ಲಿ ಉಪ್ಪು ಹಾಕಿದ ಅಂಬಲಿ, ಮಜ್ಜಿಗೆ ಇರುತ್ತಿದ್ದುದನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಬೇಕು.

ಅಂಬಲಿಯಿಂದಲೇ ಶುರು ಮಾಡುತ್ತೇನೆ. ನನ್ನ ಮಟ್ಟಿಗೆ ಕರ್ನಾಟಕದ ಬೇಸಿಗೆಗೆ ಅದಕ್ಕಿಂತ ಮಿಗಿಲಾದ ಊಟವೂ ಇಲ್ಲ, ಪಾನೀಯವೂ ಇಲ್ಲ. ಅದು ಎರಡೂ ಹೌದು. ಹಿಂದಿನ ರಾತ್ರಿ ಒಂದು ಲೋಟ ನೀರಿನಲ್ಲಿ ಎರಡು ಮೂರು ಚಮಚ ರಾಗಿ ಹಿಟ್ಟನ್ನು ಗಂಟಿಲ್ಲದಂತೆ ಕದಡಿ ಮುಚ್ಚಿಡಬೇಕು. ಬೆಳಗಾಗುವಷ್ಟರಲ್ಲಿ ಅದಕ್ಕೆ ಸಣ್ಣ ಹುಳಿ ವಾಸನೆ ಬಂದಿರುತ್ತದೆ. ಮೂರು ನಾಲ್ಕು ಲೋಟ ನೀರು ಕುದಿಯಲಿಟ್ಟು, ಉಪ್ಪು ಹಾಕಿ, ಕದಡಿದ ಹಿಟ್ಟನ್ನು ಒಂದು ಕೈಯಲ್ಲಿ ಸುರಿಯುತ್ತ ಇನ್ನೊಂದು ಕೈಯಲ್ಲಿ ತಿರುವುತ್ತಲೇ ಇರಬೇಕು. ತಿರುವುವುದನ್ನು ನಿಲ್ಲಿಸಿದರೆ ತಳ ಹಿಡಿಯುತ್ತದೆ. ಹಸಿ ವಾಸನೆ ಹೋಗಿ, ಬಣ್ಣ ಗಾಢವಾಗಿ, ಮೇಲ್ಮೈ ಹೊಳೆಯತೊಡಗಿದಾಗ ಇಳಿಸಬೇಕು. ಪೂರ್ತಿ ಆರಿದ ಮೇಲೆಯೇ ಮಜ್ಜಿಗೆ ಬೆರೆಸುವುದು. ಬಿಸಿಯಿದ್ದಾಗ ಬೆರೆಸಿದರೆ ಒಡೆದುಹೋಗುತ್ತದೆ. ಮೇಲೆ ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಎರಡೆಸಳು ಕರಿಬೇವು, ಕೊತ್ತಂಬರಿ. ಲೋಟದಲ್ಲಿ ಕುಡಿಯುವಷ್ಟು ತೆಳ್ಳಗಿರಬೇಕು, ಹೊಟ್ಟೆಯಲ್ಲಿ ಮಧ್ಯಾಹ್ನದವರೆಗೆ ನಿಲ್ಲುವಷ್ಟು ಗಟ್ಟಿಯೂ ಇರಬೇಕು. ಆ ಹದ ಕೈಗೆ ಬರಲು ನಾಲ್ಕು ದಿನ ಸಾಕು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಪಟ್ಟಿಯಂತೆ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು 10 ಮಿಲಿಗ್ರಾಂನಷ್ಟೂ ಇಲ್ಲ. ರಾತ್ರಿ ನೆನೆದು ಹುಳಿಯುವಾಗ ರಾಗಿಯಲ್ಲಿರುವ, ಖನಿಜಗಳನ್ನು ಕಟ್ಟಿಹಾಕುವ ಫೈಟೇಟ್ ಅಂಶ ಸ್ವಲ್ಪ ಒಡೆಯುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಮೈಗೆ ಹತ್ತುವುದು ಸುಲಭವಾಗುತ್ತದೆ. ನೀರು, ಉಪ್ಪು, ಪಿಷ್ಟ, ಹಾಲಿನ ಸತ್ವ ಎಲ್ಲ ಒಂದೇ ಪಾತ್ರೆಯಲ್ಲಿ. ಉತ್ತರ ಕರ್ನಾಟಕದಲ್ಲಿ ರಾಗಿಯ ಜಾಗಕ್ಕೆ ಜೋಳ ಬರುತ್ತದೆ. ಜೋಳದ ಹಿಟ್ಟಿನ ಅಂಬಲಿಗೆ ಜೀರಿಗೆ, ಬೆಳ್ಳುಳ್ಳಿ ಜಜ್ಜಿ ಹಾಕುತ್ತಾರೆ. ಜೋಳವನ್ನು ಒಡೆದು ಬೇಯಿಸಿದ ನುಚ್ಚಿಗೆ ಮಜ್ಜಿಗೆ ಕಲಸಿ, ಪಕ್ಕಕ್ಕೆ ಹಸಿ ಉಳ್ಳಾಗಡ್ಡಿ ಇಟ್ಟುಕೊಂಡರೆ ಬಿಸಿಲ ಹೊತ್ತಿನ ಊಟ ಮುಗಿಯಿತು. ಸಿರಿಧಾನ್ಯ ವರ್ಷವೆಂದು ವಿಶ್ವಸಂಸ್ಥೆ 2023ನ್ನು ಆಚರಿಸಿದ ಮೇಲೆ ನಗರದ ಹೋಟೆಲುಗಳಲ್ಲೂ ಅಂಬಲಿ ಕಾಣತೊಡಗಿದೆ. ಒಳ್ಳೆಯದೇ. ಆದರೆ ಅಂಬಲಿ ಕುಡಿದು ಬೆಳೆದ ಮನೆಗಳ ಮಕ್ಕಳು ಅದನ್ನು ಬಡವರ ಊಟವೆಂದು ನಾಚಿ ಬಿಟ್ಟುಬಿಟ್ಟಿದ್ದಾರಲ್ಲ, ಅದು ನನಗೆ ನಿಜಕ್ಕೂ ನೋವಿನ ಸಂಗತಿ.

ಮಜ್ಜಿಗೆಯ ವಿಷಯದಲ್ಲಿ ಒಂದೇ ಮಾತು: ನೀರಾಗಿರಲಿ. ಒಂದು ಪಾಲು ಮೊಸರಿಗೆ ಮೂರು ನಾಲ್ಕು ಪಾಲು ನೀರು, ಲೀಟರಿಗೆ ಅರ್ಧ ಚಮಚ ಉಪ್ಪು, ಜಜ್ಜಿದ ಶುಂಠಿ, ಇಂಗು, ಕರಿಬೇವು. ಮೇಲೆ ಹೇಳಿದ ಬೆವರಿನ ಲೆಕ್ಕಕ್ಕೂ ಈ ಅರ್ಧ ಚಮಚಕ್ಕೂ ಇರುವ ಹೊಂದಿಕೆಯನ್ನು ಗಮನಿಸಿ. ಸಕ್ಕರೆ ಹಾಕಿ ಮಂದವಾಗಿ ಕಡೆದ ಲಸ್ಸಿ ರುಚಿಯೇನೋ ಸರಿ, ಆದರೆ ಅದು ಊಟದ ಬದಲಿಗೆ ಕುಡಿಯುವಂಥದ್ದು. ದಾಹ ತೀರಿಸಲು ಸಲ್ಲದು. ಬೆಣ್ಣೆ ತೆಗೆದ ಮಜ್ಜಿಗೆ ಸಿಗುವ ಮನೆಯವರು ಪುಣ್ಯವಂತರು. ಹುಳಿ ಹೆಚ್ಚಾದ ಮಜ್ಜಿಗೆಯನ್ನೂ ಚೆಲ್ಲಬೇಕಿಲ್ಲ, ನೀರು ಸೇರಿಸಿ ಒಗ್ಗರಣೆ ಕೊಟ್ಟರೆ ಅನ್ನಕ್ಕೆ ಕಲಸಿಕೊಳ್ಳಲು ಆಯಿತು.

ಉಪ್ಪಿನ ಜತೆ ಸ್ವಲ್ಪ ಸಿಹಿ ಸೇರಿದರೆ ಏನಾಗುತ್ತದೆ ಎಂಬುದು ಕಳೆದ ಶತಮಾನದ ದೊಡ್ಡ ವೈದ್ಯಕೀಯ ಅರಿವುಗಳಲ್ಲಿ ಒಂದು. ಸಣ್ಣ ಕರುಳಿನಲ್ಲಿ ಗ್ಲುಕೋಸ್ ಮತ್ತು ಸೋಡಿಯಂ ಒಟ್ಟಿಗೇ ಒಳಹೋಗುತ್ತವೆ ಎಂದು ರಾಬರ್ಟ್ ಕ್ರೇನ್ ಎಂಬ ಜೀವರಸಾಯನ ವಿಜ್ಞಾನಿ 1960ರಲ್ಲಿ ಪ್ರಾಗ್ ನಗರದ ಸಭೆಯೊಂದರಲ್ಲಿ ವಿವರಿಸಿದರು. ಅವುಗಳ ಹಿಂದೆಯೇ ನೀರೂ ಹೋಗುತ್ತದೆ. ಈ ಅರಿವು ದೊಡ್ಡ ಮಟ್ಟದಲ್ಲಿ ಜನರ ಜೀವ ಉಳಿಸಿದ್ದು 1971ರಲ್ಲಿ. ಬಾಂಗ್ಲಾ ವಿಮೋಚನಾ ಯುದ್ಧದ ದಿನಗಳಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತ್ತು. ನರಕ್ಕೆ ಹಾಕುವ ಸಲೈನ್ ಮುಗಿದುಹೋಗಿತ್ತು. ವೈದ್ಯ ದಿಲೀಪ್ ಮಹಾಲನಬಿಸ್ ಉಪ್ಪು, ಗ್ಲುಕೋಸ್ ಕದಡಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರಿಂದಲೇ ಲೋಟ ಲೋಟ ಕುಡಿಸಿದರು. ಮೊದಲು ನೂರಕ್ಕೆ ಮೂವತ್ತರಷ್ಟಿದ್ದ ಸಾವು ನೂರಕ್ಕೆ ನಾಲ್ಕಕ್ಕಿಂತ ಕೆಳಗಿಳಿಯಿತು. 2022ರಲ್ಲಿ ತೀರಿಕೊಂಡ ಅವರಿಗೆ ಮರುವರ್ಷ ಪದ್ಮವಿಭೂಷಣ ಸಂದಿತು. ಇಂದಿನ ಒಆರ್‌ಎಸ್ ಪೊಟ್ಟಣಕ್ಕೆ ಹೀಗೆ ನೆಲೆ ಸಿಕ್ಕಿದ್ದು.

ಪೊಟ್ಟಣ ಇಲ್ಲದಿದ್ದರೆ ಮನೆಯಲ್ಲೇ ಮಾಡಬಹುದು. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಮಟ್ಟಸವಾಗಿ ಅರ್ಧ ಟೀ ಚಮಚ ಉಪ್ಪು. ಅಳತೆ ತಪ್ಪಬಾರದು, ಉಪ್ಪು ಹೆಚ್ಚಾದರೆ ಮಕ್ಕಳಿಗೆ ಅಪಾಯ. ಬೇಸಿಗೆಯಲ್ಲಿ ವಾಂತಿಭೇದಿಯೂ ಹೆಚ್ಚು, ಆದ್ದರಿಂದ ಈ ಅಳತೆ ಪ್ರತಿ ಮನೆಯಲ್ಲೂ ಬಾಯಿಪಾಠವಾಗಿರಬೇಕು. ಇಲ್ಲೊಂದು ಎಚ್ಚರಿಕೆ. ಒಆರ್‌ಎಸ್ ಎಂಬ ಅಕ್ಷರಗಳನ್ನು ಹೊತ್ತ ಸಿಹಿ ಪಾನೀಯಗಳು ವರ್ಷಗಟ್ಟಲೆ ಔಷಧಿ ಅಂಗಡಿಗಳಲ್ಲೇ ಮಾರಾಟವಾಗುತ್ತಿದ್ದವು. ಅವುಗಳಲ್ಲಿ ಸಕ್ಕರೆ ನಿಜವಾದ ಒಆರ್‌ಎಸ್‌ಗಿಂತ ಎಷ್ಟೋ ಪಟ್ಟು ಹೆಚ್ಚು. ಭೇದಿಯಾಗುತ್ತಿರುವ ಮಗುವಿಗೆ ಕುಡಿಸಿದರೆ ಭೇದಿಯೇ ಜಾಸ್ತಿಯಾಗಬಹುದು. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ಇದರ ವಿರುದ್ಧ ವರ್ಷಗಳ ಕಾಲ ಹೋರಾಡಿದರು. 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ, ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಪಾನೀಯಗಳ ಮೇಲೆ ಆ ಅಕ್ಷರಗಳನ್ನು ಬಳಸಬಾರದೆಂದು ಆದೇಶಿಸಿತು. ಒಬ್ಬ ವೈದ್ಯೆಯ ಹಟದಿಂದ ಆದ ಈ ಕೆಲಸಕ್ಕೆ ದೇಶದ ತಾಯಂದಿರೆಲ್ಲ ಋಣಿಗಳು.

ಕರಾವಳಿ, ಮಲೆನಾಡುಗಳ ಬೇಸಿಗೆಗೆ ಹುಳಿಯೇ ರಾಜ. ಶಿರಸಿ, ಕುಮಟಾ ಕಡೆ ಮುರುಗಲು ಎಂದೂ ದಕ್ಷಿಣ ಕನ್ನಡದಲ್ಲಿ ಪುನರ್ಪುಳಿ ಎಂದೂ ಕರೆಯುವ ಹಣ್ಣು ಏಪ್ರಿಲ್, ಮೇ ತಿಂಗಳಲ್ಲಿ ಕಡುಗೆಂಪಾಗಿ ಮಾಗುತ್ತದೆ. ಸೆಕೆ ತಾರಕಕ್ಕೇರುವ ಹೊತ್ತಿಗೆ ಸರಿಯಾಗಿ. ಮನೆಮಂದಿಯೆಲ್ಲ ಕುಳಿತು ಹಣ್ಣನ್ನು ಎರಡು ಹೋಳು ಮಾಡಿ, ಬೀಜವನ್ನು ಬೆರಳಲ್ಲೇ ಬಿಡಿಸಿ, ಸಿಪ್ಪೆಯ ಬಟ್ಟಲಿಗೆ ಸಕ್ಕರೆ ತುಂಬಿ ಭರಣಿಯಲ್ಲಿ ಒಂದರ ಮೇಲೊಂದು ಪೇರಿಸಿಡುತ್ತಾರೆ. ಅಂಗೈ, ಉಗುರು ಎಲ್ಲ ನೇರಳೆ ಬಣ್ಣ. ಎರಡು ದಿನ ತೊಳೆದರೂ ಹೋಗದು. ಭರಣಿಯ ಬಾಯಿಗೆ ಬಟ್ಟೆ ಕಟ್ಟಿ ಬಿಸಿಲಿಗಿಟ್ಟರೆ ಸಕ್ಕರೆ ಕರಗಿ, ಸಿಪ್ಪೆಯ ರಸವನ್ನೆಲ್ಲ ಎಳೆದುಕೊಂಡು ಮಾಣಿಕ್ಯದ ಬಣ್ಣದ ಪಾಕವಾಗುತ್ತದೆ. ಸೋಸಿಟ್ಟುಕೊಂಡರೆ ಮುಂದಿನ ಬೇಸಿಗೆಯವರೆಗೂ ಬರುತ್ತದೆ. ಒಂದು ಪಾಲು ಪಾಕಕ್ಕೆ ಐದಾರು ಪಾಲು ನೀರು, ಚಿಟಿಕೆ ಉಪ್ಪು, ಹುರಿದ ಜೀರಿಗೆಯ ಪುಡಿ ಹಾಕಿದರೆ ಶರಬತ್ತು ಸಿದ್ಧ. ಸಕ್ಕರೆ ಬೇಡದವರು ಒಣಗಿಸಿದ ಸಿಪ್ಪೆಯನ್ನು ನೀರಲ್ಲಿ ನೆನೆಹಾಕಿ, ಕಿವುಚಿ, ಉಪ್ಪು, ಹಸಿಮೆಣಸು ಸೇರಿಸಿ ಸಾರಿನ ಹಾಗೆ ಕುಡಿಯುತ್ತಾರೆ. ಬೀಜವೂ ದಂಡವಾಗುವುದಿಲ್ಲ. ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿದರೆ ಕೊಬ್ಬು ಮೇಲೆ ತೇಲುತ್ತದೆ. ಅದೇ ಮುರುಗಲು ತುಪ್ಪ, ಒಡೆದ ಹಿಮ್ಮಡಿಗೆ ಒಳ್ಳೆಯ ಮದ್ದು. ಇಷ್ಟೆಲ್ಲ ಕೊಡುವ ಮರ ಗೊಬ್ಬರ ಔಷಧಿಯ ಉಪಚಾರವನ್ನೂ ಕೇಳದೆ ಬೆಟ್ಟದಲ್ಲಿ ತಾನಾಗಿ ಬೆಳೆಯುತ್ತದೆ. ಬಣ್ಣ, ಎಸೆನ್ಸ್ ಬೆರೆಸಿದ ಕೆಂಪು ನೀರನ್ನೇ ಈ ಹಣ್ಣಿನ ಹೆಸರಲ್ಲಿ ಕೊಡುವ ಅಂಗಡಿಗಳೂ ಇವೆ. ಅಸಲಿ ಮುರುಗಲಿನ ನೀರಿಗೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ ನೋಡಿ, ಕೆಂಪು ಮಾಸಿ ಬೇರೆ ಬಣ್ಣಕ್ಕೆ ತಿರುಗುತ್ತದೆ. ಹಣ್ಣಿನ ಬಣ್ಣ ಆಂಥೋಸಯನಿನ್ ಎಂಬ ವಸ್ತುವಿನಿಂದ ಬಂದದ್ದು. ಹುಳಿ ಕಡಿಮೆಯಾದಂತೆ ಅದು ಬಣ್ಣ ಬದಲಿಸುತ್ತದೆ.

ಶಿರಸಿ, ಸಿದ್ದಾಪುರ, ಸಾಗರದ ಮನೆಗಳಲ್ಲಿ ಊಟದ ಕೊನೆಗೆ ಬರುವ ಅಪ್ಪೆಹುಳಿಯನ್ನು ಗೊತ್ತಿಲ್ಲದವರು ಒಮ್ಮೆ ಕುಡಿದು ನೋಡಬೇಕು. ಮಾವಿನಕಾಯಿಯನ್ನು ಬೇಯಿಸಿ ಕಿವುಚಿ, ಧಾರಾಳ ನೀರು ಬೆರೆಸಿ, ಉಪ್ಪು, ಒಂದಿಷ್ಟು ಬೆಲ್ಲ, ಸಾಸಿವೆ, ಒಣಮೆಣಸು, ಇಂಗಿನ ಒಗ್ಗರಣೆ. ಸುವಾಸನೆಗೆ ಹೆಸರಾದ ಅಪ್ಪೆಮಿಡಿ ಮಾವಿಗೆ 2009ರಲ್ಲೇ ಜಿಐ ಮಾನ್ಯತೆ ಸಿಕ್ಕಿದೆ. ಆದರೆ ಉಪ್ಪಿನಕಾಯಿಗೆ ಸಿಕ್ಕ ಹೆಸರು ಅಪ್ಪೆಹುಳಿಗೆ ಸಿಕ್ಕಿಲ್ಲ. ಇನ್ನು ತಂಬುಳಿ. ಒಂದೆಲಗ, ದೊಡ್ಡಪತ್ರೆ, ಬಸಳೆ ಚಿಗುರು, ದಾಳಿಂಬೆ ಸಿಪ್ಪೆ, ನೆಲ್ಲಿಚಟ್ಟು, ಮೆಂತೆ ಯಾವುದಾದರೂ ನಡೆಯುತ್ತದೆ. ಜೀರಿಗೆ, ಕಾಳುಮೆಣಸನ್ನು ತುಪ್ಪದಲ್ಲಿ ಬೆಚ್ಚಗೆ ಮಾಡಿ, ತೆಂಗಿನತುರಿಯೊಂದಿಗೆ ನುಣ್ಣಗೆ ರುಬ್ಬಿ, ಮಜ್ಜಿಗೆಗೆ ಬೆರೆಸಿದರೆ ಮುಗಿಯಿತು. ಒಲೆಯ ಮುಂದೆ ಎರಡು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಕಿಲ್ಲ. ಬೇಸಿಗೆಯ ಅಡುಗೆಯ ಬಗ್ಗೆ ಮಾತಾಡುವವರು ಅಡುಗೆ ಮಾಡುವವರ ಬೆವರನ್ನು ಮರೆಯುತ್ತಾರೆ. ಹೊರಗೆ 36 ಡಿಗ್ರಿ ಇದ್ದಾಗ ಗ್ಯಾಸ್ ಒಲೆಯ ಮುಂದೆ ಎಷ್ಟಿರುತ್ತದೆ? ತಂಬುಳಿ, ಕೋಸಂಬರಿ, ಹಸಿಗೊಜ್ಜು, ಸೌತೆಕಾಯಿ ಸಾಸಿವೆ ಇವು ಉಣ್ಣುವವರಿಗೆ ಎಷ್ಟು ಹಗುರವೋ ಮಾಡುವವರಿಗೂ ಅಷ್ಟೇ ಹಗುರ.

ದಕ್ಷಿಣ ಕನ್ನಡ, ಉಡುಪಿಯ ಗಂಜಿಯೂಟಕ್ಕೂ ಇದೇ ಗುಣ. ಕುಚ್ಚಲಕ್ಕಿಯ ಅನ್ನವನ್ನು ತಿಳಿಯೊಂದಿಗೇ ಬಡಿಸಿ, ಜತೆಗೆ ಉಪ್ಪಿನಕಾಯಿ, ಚಟ್ನಿ, ಅಥವಾ ಒಣಮೀನು. ಅನ್ನದ ತಿಳಿಗೆ ಉಪ್ಪು ಸೇರಿದರೆ ಅದು ಒಆರ್‌ಎಸ್‌ನ ಹತ್ತಿರದ ನೆಂಟ; ಪಿಷ್ಟ ನಿಧಾನವಾಗಿ ಗ್ಲುಕೋಸ್ ಆಗುತ್ತ ಉಪ್ಪನ್ನೂ ನೀರನ್ನೂ ಒಳಗೆಳೆದುಕೊಳ್ಳುತ್ತದೆ. ಕುಕ್ಕರ್ ಬಂದ ಮೇಲೆ ತಿಳಿ ಬಸಿಯುವ ಪದ್ಧತಿಯೇ ಹೋಗಿ, ಎಷ್ಟೋ ಮನೆಯ ಮಕ್ಕಳಿಗೆ ಗಂಜಿ ಎಂದರೆ ಜ್ವರದ ಊಟ ಎಂದಷ್ಟೇ ಗೊತ್ತು.

ಎಳನೀರಿನ ಬಗ್ಗೆ ಜನರಿಗಿರುವ ಪ್ರೀತಿ ನನಗೂ ಇದೆ. ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ಲಾರಿಗಟ್ಟಲೆ ಕಾಯಿ ದೇಶದ ನಾನಾ ಊರುಗಳಿಗೆ ಹೋಗುತ್ತದೆ. ಕೊಚ್ಚಿ ಕೊಟ್ಟ ಕಾಯಿಯ ನೀರಿನಷ್ಟು ಶುದ್ಧವಾದ ಪಾನೀಯ ರಸ್ತೆ ಬದಿಯಲ್ಲಿ ಬೇರೊಂದಿಲ್ಲ. ಆದರೆ ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ದಿನವಿಡೀ ಬೆವರಿದವರಿಗೆ ಎಳನೀರೊಂದೇ ಸಾಲದು, ಊಟದಲ್ಲಿ ಉಪ್ಪು ಹೋಗಬೇಕು. ಮೂತ್ರಪಿಂಡದ ಕಾಯಿಲೆ ಇರುವವರು ಆ ಪೊಟ್ಯಾಸಿಯಂ ಕಾರಣಕ್ಕಾಗಿಯೇ ವೈದ್ಯರನ್ನು ಕೇಳದೆ ಕುಡಿಯಬಾರದು. ಬೆಂಗಳೂರಿನಲ್ಲಿ ಒಂದು ಕಾಯಿಗೆ 60 ರೂಪಾಯಿ ದಾಟಿದ ಮೇಲೆ ಅದು ಕೂಲಿಕಾರರ ಪಾನೀಯವಾಗಿ ಉಳಿದೂ ಇಲ್ಲ.

ರಾಮನವಮಿ ಬರುವುದು ಬಿಸಿಲು ಏರುವ ಹೊತ್ತಿಗೆ. ಅಂದು ಹಂಚುವ ಮೂರು ಪದಾರ್ಥಗಳನ್ನು ಒಟ್ಟಿಗಿಟ್ಟು ನೋಡಿ: ಪಾನಕದಲ್ಲಿ ಸಿಹಿ, ನೀರುಮಜ್ಜಿಗೆಯಲ್ಲಿ ಉಪ್ಪು, ಕೋಸಂಬರಿಯಲ್ಲಿ ಬೇಳೆಯ ಸತ್ವ ಮತ್ತು ಸೌತೆಕಾಯಿಯ ನೀರು. ಸೌತೆಕಾಯಿಯಲ್ಲಿ ನೂರಕ್ಕೆ ತೊಂಬತ್ತೈದರಷ್ಟು ನೀರೇ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಿಂದ ನಡೆದುಬಂದ ಶ್ರೀರಾಮಸೇವಾ ಮಂಡಳಿಯ ಸಂಗೀತೋತ್ಸವ ದೇಶಕ್ಕೇ ಗೊತ್ತು. ಆದರೆ ನವಮಿಯ ದಿನ ಬೀದಿ ಬೀದಿಯಲ್ಲಿ ಪೆಂಡಾಲು ಹಾಕಿ, ಬಂದವರ ಜಾತಿ ಕುಲ ಕೇಳದೆ ಲೋಟ ತುಂಬಿಸುವ ಹುಡುಗರ ಗುಂಪುಗಳೂ ಅಷ್ಟೇ ದೊಡ್ಡ ಸೇವೆ ಮಾಡುತ್ತವೆ. ಪಾನಕಕ್ಕೆ ಬೆಲ್ಲ, ಒಣಶುಂಠಿ, ಏಲಕ್ಕಿ, ಕಾಳುಮೆಣಸು. ಹುಳಿಗೆ ನಿಂಬೆ ಇಲ್ಲವೇ ಬೇಲದ ಹಣ್ಣು. ಒಂದು ಚಿಟಿಕೆ ಉಪ್ಪು ಹಾಕುವ ರೂಢಿ ಕೆಲವು ಮನೆಗಳಲ್ಲಿದೆ, ಎಲ್ಲರೂ ಅದನ್ನು ಹಿಡಿಯಬೇಕು. ಬೆಲ್ಲವೂ ಸಕ್ಕರೆಯೇ ಎಂಬುದನ್ನು ಮರೆಯದೆ ತೆಳುವಾಗಿ ಮಾಡಬೇಕು. ಸಕ್ಕರೆ ಕಾಯಿಲೆ ಇದ್ದವರಿಗೆ ಮಜ್ಜಿಗೆಯೇ ಸರಿ.

ಕೋಲಾ ಜಾತಿಯ ಪಾನೀಯಗಳಲ್ಲಿ 100 ಮಿಲಿಲೀಟರಿಗೆ ಸುಮಾರು 10ರಿಂದ 11 ಗ್ರಾಂ ಸಕ್ಕರೆ ಇರುತ್ತದೆ. ಅರ್ಧ ಲೀಟರಿನ ಬಾಟಲಿ ಮುಗಿಸಿದರೆ 50 ಗ್ರಾಂ ದಾಟಿತು. ಒಬ್ಬ ವಯಸ್ಕ ಇಡೀ ದಿನಕ್ಕೆ ಇದಕ್ಕಿಂತ ಕಡಿಮೆ ಸಕ್ಕರೆ ತಿನ್ನಬೇಕು, ಇದರ ಅರ್ಧಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇಷ್ಟು ಸಿಹಿಯಾದ ನೀರು ಹೊಟ್ಟೆಯಿಂದ ಕರುಳಿಗೆ ಇಳಿಯುವುದೂ ನಿಧಾನ. 

ಊಟ ಹಗುರವಾಗಿರಲಿ ಎನ್ನುವುದಕ್ಕೂ ಕಾರಣವಿದೆ. ಊಟವನ್ನು ಅರಗಿಸುವ ಕೆಲಸದಲ್ಲೇ ಮೈ ಶಾಖ ಹುಟ್ಟಿಸುತ್ತದೆ, ಮಾಂಸ ಮೊಟ್ಟೆಗಳ ಪ್ರೋಟೀನ್ ಅರಗುವಾಗ ಅದು ಹೆಚ್ಚು. ಒಮ್ಮೆಗೇ ಹೊಟ್ಟೆ ಬಿರಿಯುವಷ್ಟು ಉಂಡು ಬಿಸಿಲಿಗಿಳಿದರೆ ಮೈಗೆ ಎರಡು ಹೊರೆ. ಅಷ್ಟಕ್ಕೇ ಬೇಸಿಗೆಯಲ್ಲಿ ಮಾಂಸ ಬಿಡಬೇಕೆಂದೇನೂ ಇಲ್ಲ, ರಾತ್ರಿಗೆ ಮುಂದೂಡಿದರೆ ಸಾಕು. ಸೋರೆ, ಹೀರೆ, ಬೂದುಗುಂಬಳ, ಮುಳ್ಳುಸೌತೆ, ಕಲ್ಲಂಗಡಿ, ಕರ್ಬೂಜ, ತಾಟಿನಿಂಗು ಈ ಕಾಲಕ್ಕೆ ಸಿಗುವ ನೀರಿನ ಕಣಜಗಳು. ಕತ್ತರಿಸಿ ತೆರೆದಿಟ್ಟ ಹಣ್ಣನ್ನು ಮಾತ್ರ ಮುಟ್ಟಬೇಡಿ. ಬೀದಿಯ ಶರಬತ್ತಿನಲ್ಲಿ ತೇಲುವ ಐಸ್ ಯಾವ ನೀರಿನದ್ದೆಂದು ಯಾರೂ ಹೇಳಲಾರರು. ಮೀನು ಕೆಡದಿರಲೆಂದು ಮಾಡುವ ಐಸ್ ಗಡ್ಡೆಯೂ ಲೋಟಕ್ಕೆ ಬರುವುದುಂಟು. ಐಸ್ ಬೇಡ ಎಂದು ಹೇಳಿ ಕುಡಿಯಿರಿ.

ಉಪ್ಪಿನ ಬಗ್ಗೆ ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳಲೇಬೇಕು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಫ್ಯಾನಿನಡಿ, ಎಸಿಯಲ್ಲಿ ಕುಳಿತು ಕೆಲಸ ಮಾಡುವವರು ಊಟದಲ್ಲೇ ಅದನ್ನು ಮೀರುತ್ತಾರೆ. ಅವರು ಮಜ್ಜಿಗೆಗೆ ಉಪ್ಪು ಸುರಿದುಕೊಳ್ಳಬೇಕಿಲ್ಲ. ರಕ್ತದೊತ್ತಡ, ಹೃದಯದ ತೊಂದರೆ ಇದ್ದವರು ವೈದ್ಯರ ಮಾತಿನಂತೆ ನಡೆಯಬೇಕು. ಬಿಸಿಲಲ್ಲಿ ಕುಸಿದುಬಿದ್ದವರು ತಡವರಿಸಿ ಮಾತಾಡುತ್ತಿದ್ದರೆ, ಎಚ್ಚರ ತಪ್ಪುತ್ತಿದ್ದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಬಾಯಿಗೆ ಏನನ್ನೂ ಹಾಕಬಾರದು. ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಗೆಲ್ಲ ನೀರು ಚಿಮುಕಿಸಿ ಗಾಳಿ ಹಾಕುತ್ತಲೇ 108ಕ್ಕೆ ಕರೆ ಮಾಡಬೇಕು.

ಕರ್ನಾಟಕದ ಹಳೆಯ ಶಾಸನಗಳಲ್ಲಿ ಕೆರೆ, ಬಾವಿ, ಸತ್ರಗಳ ಜತೆಗೆ ಅರವಟ್ಟಿಗೆಗೂ ದತ್ತಿ ಬಿಟ್ಟ ಉಲ್ಲೇಖಗಳಿವೆ. ದಾರಿಹೋಕರಿಗೆ ನೀರು, ಮಜ್ಜಿಗೆ ಕೊಡಲೆಂದು ಭೂಮಿಯನ್ನೇ ಕೊಟ್ಟ ಜನ ನಮ್ಮಲ್ಲಿದ್ದರು. ಇಂದಿಗೂ ಉತ್ತರ ಕರ್ನಾಟಕದ ಬಸ್ ನಿಲ್ದಾಣಗಳ ಬಳಿ ಕೆಂಪು ಬಟ್ಟೆ ಸುತ್ತಿದ ಮಡಕೆಗಳ ಸಾಲನ್ನು ಕಾಣಬಹುದು. ಅದಕ್ಕೆ ಈಗ ಭೂಮಿ ಬರೆದುಕೊಡಬೇಕಿಲ್ಲ. ಒಂದು ಲೀಟರ್ ಮೊಸರಿಗೆ ನಾಲ್ಕು ಲೀಟರ್ ಶುದ್ಧ ನೀರು, ಎರಡೂವರೆ ಚಮಚ ಉಪ್ಪು, ಶುಂಠಿ, ಕರಿಬೇವು ಹಾಕಿದರೆ ಇಪ್ಪತ್ತು ಇಪ್ಪತ್ತೈದು ಜನರಿಗೆ ಲೋಟ ತುಂಬ ಮಜ್ಜಿಗೆ. ಅಂಗಡಿ ಇದ್ದವರು ಅಂಗಡಿಯ ಮುಂದೆ, ಅಪಾರ್ಟ್‌ಮೆಂಟಿನವರು ಗೇಟಿನ ಬಳಿ, ಮನೆ ಕಟ್ಟಿಸುತ್ತಿರುವವರು ಕೆಲಸದ ಜಾಗದಲ್ಲಿ ಮಧ್ಯಾಹ್ನ 12ರ ಒಳಗೆ ಒಂದು ಮಡಕೆ ಇಡಿ. ಮೇಲೆ ಮುಚ್ಚಳ, ಪಕ್ಕಕ್ಕೆ ತೊಳೆದ ಲೋಟ, ಉದ್ದ ಹಿಡಿಯ ಸೌಟು ಇರಲಿ. ಕಸ ಗುಡಿಸಿ ಬಂದ ಪೌರಕಾರ್ಮಿಕರನ್ನು, ಪಾರ್ಸೆಲ್ ತಂದ ಹುಡುಗನನ್ನು, ಇಟ್ಟಿಗೆ ಇಳಿಸುವ ಅಕ್ಕನನ್ನು ನೀವೇ ಕರೆದು ಕೊಡಿ. ಕೇಳಿ ಪಡೆಯಲು ಅವರಿಗೆ ಸಂಕೋಚವಿರುತ್ತದೆ.